ಸೂತಕ ತಟ್ಟದ ಪೂಜಾರಿ

ನಮ್ಮೂರು, ಬೈರಕೂರು ಹೋಬಳಿ
೮-೫-೧೯೮೧, ಶುಕ್ರವಾರ

ಕೋಲಾರದಲ್ಲಿರುವ ಅಕ್ಕನಿಗೆ ತಮ್ಮ ಆವಲಪ್ಪ ಅಡ್ಡಬಿದ್ದು ಬರೆಯುವ ಕಾಗದ.

ಮೇಲೆ ಶ್ರೀಕಾರ ಹಾಕಿಲ್ಲ, ಮೂಲೆಗೆ ಅರಿಶಿನ ಹಚ್ಚಿಲ್ಲ. ಅಮ್ಮ ಹೋಗಿ ಇವತ್ತಿಗೆ ಆರನೇ ದಿನ. ಸೂತಕದಲ್ಲಿ ಅವೆರಡೂ ಕೂಡದು. ನಿನಗೆ ಬರೆಯುವಾಗ ಶ್ರೀಕಾರ ಹಾಕಿದರೆ ನೀನೇನು ಅಂದುಕೊಳ್ಳುತ್ತೀಯೋ, ಹಾಕದಿದ್ದರೆ ಗುಡಿಯ ತಾಯಿ ಮುತ್ಯಾಲಮ್ಮ ಏನಂದುಕೊಳ್ಳುತ್ತಾಳೋ ಎಂಬ ಪೇಚಾಟದಲ್ಲಿ ಎಷ್ಟೋ ಸಲ ಕಾಗದ ಮಡಿಸಿ ಪೆಟ್ಟಿಗೆಯಲ್ಲಿಟ್ಟಿದ್ದೇನೆ. ಈ ಸಲ ಆ ಪೇಚಾಟ ತಪ್ಪಿತು.

ತಡವಾಯಿತು, ಕ್ಷಮಿಸು. ಆರು ದಿನದ ತಡವಲ್ಲ, ಒಂಬತ್ತು ವರ್ಷದ ತಡ. ಊರವರ ಕಾಗದಗಳನ್ನೆಲ್ಲ ಬರೆದುಕೊಡುವವನು ನಾನು. ಮಿಲಿಟರಿಯಲ್ಲಿರುವ ಗಂಡನಿಗೆ, ಮುನಿಸಿಕೊಂಡ ಬೀಗರಿಗೆ, ತಹಸೀಲ್ದಾರರಿಗೆ, ಯಾರಿಗೆ ಹೇಗೆ ಬರೆಯಬೇಕೆಂದು ನನ್ನನ್ನು ಕೇಳಿಕೊಂಡು ಹೋಗುತ್ತಾರೆ. ನಿನಗೆ ಬರೆಯಲು ಕೂತರೆ ಮಾತ್ರ ಬಂಡೆಯ ಮೇಲೆ ಬಾವಿ ತೋಡಲು ಕೂತ ಹಾಗಾಗುತ್ತದೆ.

ಇಲ್ಲಿಯ ಸಮಾಚಾರ ಹೇಳುತ್ತೇನೆ. ಮೂರನೇ ದಿನ ಹಾಲುತುಪ್ಪ ಬಿಟ್ಟೆವು. ಅದೇ ದಿನ ಎಮ್ಮೆ ಕರು ಹಾಕಿತು. ಗಿಣ್ಣು ಅಂದರೆ ಅಮ್ಮನಿಗೆ ಪ್ರಾಣ, ನಿನಗೆ ಗೊತ್ತಲ್ಲ. ನನ್ನ ಹೆಂಡತಿ ರಾಮಲಕ್ಷ್ಮಮ್ಮ ಗಿಣ್ಣು ಕಾಯಿಸಿ, ಮೊದಲ ಬಟ್ಟಲು ಅಮ್ಮನ ಮೂಲೆಗೆ ಒಯ್ದು, ಅಲ್ಲಿ ಯಾರೂ ಇಲ್ಲವೆಂದು ಆಗ ನೆನಪಾಗಿ, ಬಟ್ಟಲು ಹಿಡಿದುಕೊಂಡೇ ಅಳುತ್ತ ಕೂತಳು. ತೋಪಿನಲ್ಲಿ ಮಾವು ಬಲಿಯುತ್ತಿದೆ. ಬಿಸಿಲಿಗೆ ಮಧ್ಯಾಹ್ನದ ಹೊತ್ತು ಊರೆಲ್ಲ ಕಣ್ಣು ಮುಚ್ಚಿಕೊಂಡಂತಿರುತ್ತದೆ.

ನನಗೆ ಕೆಲಸವಿಲ್ಲ. ಅಪ್ಪ ಮಾಡುತ್ತಿದ್ದಂತೆಯೇ ಗುಡಿಗೆ ಬೀಗ ಹಾಕಿ, ಬೀಗದ ಕೈಯನ್ನು ಬೇವಿನ ಸೊಪ್ಪಿಗೆ ಕಟ್ಟಿ ಬಾಗಿಲಿಗೆ ತೂಗುಹಾಕಿದ್ದೇನೆ. ಬೇರೆ ಊರುಗಳಲ್ಲಿ ಸೂತಕ ಬಂದರೆ ಬೇರೆಯವರನ್ನು ಕರೆದು ಪೂಜೆ ಮಾಡಿಸುತ್ತಾರೆ. ನಮ್ಮಲ್ಲಿ ಆ ಪದ್ಧತಿಯಿಲ್ಲ. ನಮ್ಮ ವಂಶದವರ ಕೈ ಬಿಟ್ಟು ಇನ್ನೊಂದು ಕೈ ಆ ತಾಯಿಯನ್ನು ಮುಟ್ಟುವಂತಿಲ್ಲ, ವಂಶದಲ್ಲಿ ಸಾವಾದರೆ ಯಾವ ಕೈಗೂ ಮಡಿಯಿಲ್ಲ. ಹನ್ನೊಂದು ದಿನ ದೀಪವಿಲ್ಲದೆ ಅವಳು ಒಳಗೆ, ನಾವು ಹೊರಗೆ. ಅಪ್ಪ ನಮ್ಮಿಬ್ಬರನ್ನೂ ಕೂರಿಸಿಕೊಂಡು ಬಾಯಿಪಾಠ ಮಾಡಿಸುತ್ತಿದ್ದ ಕಟ್ಟಳೆ ನೆನಪಿದೆಯಾ? ದಾಯಾದಿಗಳ ಸಾವಿಗೆ ಹನ್ನೊಂದು ದಿನ, ಹುಟ್ಟಿದರೆ ಪುರುಡು, ಅದಕ್ಕೂ ಹನ್ನೊಂದು. ಅಕ್ಕತಂಗಿಯರ ಮಕ್ಕಳು ಸತ್ತರೆ ಸೋದರಮಾವನಿಗೆ ಮೂರು. ಎಲ್ಲವೂ ಸುದ್ದಿ ಕಿವಿಗೆ ಬಿದ್ದ ಗಳಿಗೆಯಿಂದ, ಕಿವಿಗೆ ಬೀಳದ ಸಾವಿಗೆ ಸೂತಕವಿಲ್ಲ. ನಾನು ಗಿಳಿಯ ಹಾಗೆ ಒಪ್ಪಿಸುತ್ತಿದ್ದೆ. ನೀನು ಮಾತ್ರ ಕೇಳಿಬಿಟ್ಟೆ, "ನಾವೆಲ್ಲ ಅಳ್ತಾ ಕೂತಾಗ ಅಮ್ಮೋರ ಹತ್ರ ನಮ್ ಕಷ್ಟ ಹೇಳೋರು ಯಾರಪ್ಪ?" ಅಪ್ಪ ನಿನ್ನ ತಲೆಗೆ ಮೊಟಕಿದ. ಮತ್ತೆ ಮೊದಲಿನಿಂದ ಒಪ್ಪಿಸು ಎಂದ.

ಅಮ್ಮನ ಮಣ್ಣಿಗೆ ನೀನು ಬಂದೆ. ಊರೊಳಗೆ ಬರಲಿಲ್ಲ. ಊರ ಬಾಗಿಲ ಹುಣಸೆಮರದ ಕೆಳಗೇ ನಿಂತೆ. ಅಮ್ಮನನ್ನು ಆ ದಾರಿಯಲ್ಲೇ ಒಯ್ಯುವುದರಿಂದ ಮುಖ ನೋಡಿದೆ, ಕಾಲು ಮುಟ್ಟಿದೆ. ರಾಮಲಕ್ಷ್ಮಮ್ಮ ತಂದ ನೀರಿನ ಚೊಂಬನ್ನು ಕೈಯಲ್ಲಿ ಹಿಡಿದೆಯೇ ಹೊರತು ಬಾಯಿಗೆ ಎತ್ತಲಿಲ್ಲ. ಒಂಬತ್ತು ವರ್ಷದ ಹಿಂದೆಯೂ ನೀನು ನಿಂತದ್ದು ಅಲ್ಲೇ. ನಿನ್ನ ಏಳು ವರ್ಷದ ಕದಿರಮ್ಮ ಕೋಲಾರದ ಆಸ್ಪತ್ರೆಯಲ್ಲಿ ಜ್ವರದಿಂದ ತೀರಿಕೊಂಡಾಗ, ಅವಳನ್ನು ಅಪ್ಪನ ಪಕ್ಕದಲ್ಲಿ ಮಣ್ಣು ಮಾಡಬೇಕೆಂದು ಬಾಡಿಗೆ ವ್ಯಾನಿನಲ್ಲಿ ತಂದಿದ್ದೆ. ನಾನು ಬಂದು ಒಳಗೆ ಕರೆಯಲಿ ಎಂದು ಆ ಮರದಡಿ ಕಾಯುತ್ತಿದ್ದೆ. ಬದಲಿಗೆ ಗುಡಿಯ ಗಂಟೆ ಕೇಳಿಸಿತು. ವ್ಯಾನು ತಿರುಗಿಸಿಕೊಂಡು ಹೊರಟುಹೋದೆ. ಸುದ್ದಿ ನನ್ನ ಕಿವಿಗೆ ಬೀಳುವಷ್ಟರಲ್ಲಿ ಪೂಜೆ ಶುರುವಾಗಿಬಿಟ್ಟಿತ್ತು ಎಂದು ಅಮ್ಮ ನಿನಗೆ ಆಮೇಲೆ ಹೇಳಿದ್ದಳು. ಆ ಮಾತು ಹಾಗಿರಲಿ.

ಈಗ ನಾನು ಕೇಳುವುದು ಒಂದೇ, ಅದಕ್ಕೇ ಈ ಕಾಗದ. ಆ ಹುಣಸೆಮರ ದಾಟಿ ಒಂದು ಸಲ ಮನೆಗೆ ಬರುತ್ತೀಯಾ?

ಅವತ್ತು ಅಮ್ಮನನ್ನು ಮಲಗಿಸಿ ಬಂದು ನಾನು ನಿನ್ನನ್ನು ಕೇಳಿದೆ, "ಕದಿರಿ ಹೋದಾಗ ಒಬ್ಳೇ ಹೆಂಗ್ ತಡ್ಕೊಂಡೆ ಅಕ್ಕಾ?" ನೀನು ನನ್ನ ಮುಖ ನೋಡದೆ ಹೇಳಿದೆ, "ಒಬ್ಳೇ ಇರ್ಲಿಲ್ಲ ಕಣೋ. ನಮ್ ಪೂಜಾರೀಗೆ ಸೂತಕ ತಟ್ಟಲ್ಲ." ಹಾಗೆಂದು ಚೀಲದಿಂದ ನಿಮ್ಮ ಚರ್ಚಿನ ಆ ಕಪ್ಪು ಪುಸ್ತಕ ತೆಗೆದು, ಒಂದು ಹಾಳೆಯ ಕಿವಿ ಮಡಿಸಿ ನನ್ನ ಕೈಗೆ ಕೊಟ್ಟು ಬಸ್ಸು ಹತ್ತಿದೆ. ಆ ಪುಸ್ತಕ ಈಗ ನನ್ನ ತೊಡೆಯ ಮೇಲಿದೆ. ಓದುತ್ತಿದ್ದೇನೆ. ಬಿಸಿಲು ಕಾಗದದ ಮೇಲೆ ಬಂತು, ಜಾಗ ಬದಲಿಸುತ್ತೇನೆ.

೧೧-೫-೧೯೮೧, ಸೋಮವಾರ

ಮೂರು ದಿನ ಓದಿದೆ. ನೀನು ಮಡಿಸಿಕೊಟ್ಟ ಜಾಗದಲ್ಲಿರುವುದು ಯಾರೋ ಯಾರಿಗೋ ಬರೆದ ಕಾಗದ. ಕಾಗದ ಅಂದ ಮೇಲೆ ನನಗೆ ಸದರ. ಬರೆದವನು ಗಟ್ಟಿ ಮನುಷ್ಯ, ಹಿಡಿದದ್ದನ್ನು ಬಿಡುವುದಿಲ್ಲ.

ಅವರಲ್ಲೂ ಪೂಜಾರಿಕೆ ಒಂದೇ ವಂಶದ್ದಂತೆ! ಅಪ್ಪನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ. ಓದಿ ನನಗೆ ನಗು ಬಂತು. ಎಷ್ಟೋ ಸಮುದ್ರದಾಚೆ ನಮ್ಮಂಥವರೇ ಇದ್ದರಲ್ಲ ಎಂದು. ಒಬ್ಬ ಸತ್ತರೆ ಇನ್ನೊಬ್ಬ, ಅವನು ಸತ್ತರೆ ಮತ್ತೊಬ್ಬ. ಸಾವು ಯಾರನ್ನೂ ಆ ಕೆಲಸದಲ್ಲಿ ನಿಲ್ಲಗೊಡಲಿಲ್ಲ, ಅದಕ್ಕೇ ಪೂಜಾರಿಗಳು ಅಷ್ಟು ಜನ ಆಗಬೇಕಾಯಿತು ಎಂದು ಬರೆದಿದ್ದಾನೆ. ಸತ್ಯವಾದ ಮಾತು. ನಮ್ಮ ಗುಡಿಯ ಹಿಂದೆ ಸಾಲಾಗಿ ಮಲಗಿರುವವರೆಲ್ಲ ಯಾರು ಮತ್ತೆ?

ಆಮೇಲೆ ಅವನು ಒಬ್ಬನ ಮಾತು ಎತ್ತುತ್ತಾನೆ, ಮೆಲ್ಕಿಚೆದೇಕ ಎಂದು. ಆ ಹೆಸರನ್ನು ಜೋರಾಗಿ ಓದಿ ನೋಡಿದೆ, ನಾಲಿಗೆ ಮೂರು ಕಡೆ ಎಡವಿತು. ರಾಜನೂ ಅವನೇ, ಪೂಜಾರಿಯೂ ಅವನೇ. ಯುದ್ಧ ಮಾಡಿ ದಣಿದು ಬರುತ್ತಿದ್ದ ಮುದುಕನೊಬ್ಬನಿಗೆ ದಾರಿಯಲ್ಲಿ ರೊಟ್ಟಿ, ದ್ರಾಕ್ಷಾರಸ ತಂದುಕೊಟ್ಟು ಹರಸಿ ಹೋದನಂತೆ. ಅವನ ಅಪ್ಪ ಯಾರೋ, ಅಮ್ಮ ಯಾರೋ, ಯಾವ ವಂಶವೋ ಎಲ್ಲೂ ಬರೆದಿಲ್ಲ. ಹುಟ್ಟಿದ ದಿನವಿಲ್ಲ, ಸತ್ತ ದಿನವಿಲ್ಲ. ನಿನ್ನ ಕ್ರಿಸ್ತ ಅವನ ತರಹದ ಪೂಜಾರಿ, ಅದೂ ಎಂದೆಂದಿಗೂ ಎನ್ನುತ್ತಾನೆ. ವಂಶದಿಂದ ಬಂದ ಪೂಜಾರಿಕೆಯಲ್ಲ, ಅಳಿಯದ ಜೀವದಿಂದ ಬಂದದ್ದು. ಲೋಕ ಹುಟ್ಟುವ ಮೊದಲೂ ಇದ್ದವನು, ಲೋಕ ಬಟ್ಟೆಯ ಹಾಗೆ ಹಳತಾಗಿ ಮಡಚಿಟ್ಟ ಮೇಲೂ ಇರುವವನು.

ಅಲ್ಲಿಗೆ ಬಂದಾಗ ಪುಸ್ತಕ ಕೆಳಗಿಟ್ಟೆ, ಅಕ್ಕ. ಹುಟ್ಟಿಲ್ಲದವನಿಗೆ ಪುರುಡಿಲ್ಲ. ಸಾವಿಲ್ಲದವನಿಗೆ ಸೂತಕವಿಲ್ಲ. ಅವನ ಗುಡಿಯ ಬೀಗದ ಕೈ ಬೇವಿನ ಸೊಪ್ಪಿನಲ್ಲಿ ತೂಗುವುದೇ ಇಲ್ಲ. ನೀನು ಎಂಟು ವರ್ಷದವಳಾಗಿದ್ದಾಗ ಅಪ್ಪನನ್ನು ಕೇಳಿದ್ದೆಯಲ್ಲ, ಆ ಪ್ರಶ್ನೆಯನ್ನು ಇಷ್ಟು ವರ್ಷ ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಓಡಾಡಿ, ಕೊನೆಗೆ ಅಲ್ಲಿ ಹೋಗಿ ಬಿಚ್ಚಿದೆ. ಊರವರು ನೀನು ಆಸ್ಪತ್ರೆಯ ಕೆಲಸದಾಸೆಗೆ ಆ ಕಡೆ ಹೋದೆ ಎಂದರು. ನಾನೂ ಹೂಂ ಎಂದೆ. ಹಾಗಲ್ಲ ಎಂದು ಈಗ ತಿಳಿಯಿತು.

ಆದರೂ ನಾನು ಕಸುಬಿನವನು, ಸುಮ್ಮನೆ ಒಪ್ಪುವವನಲ್ಲ. ಕೆಲವು ತಕರಾರುಗಳಿವೆ.

ಉಳಿದ ಪೂಜಾರಿಗಳು ದಿನಾ ನಿಂತು ಪೂಜೆ ಮಾಡುತ್ತಾರೆ, ಇವನು ಒಂದೇ ಸಲ ಅರ್ಪಿಸಿ ಕೂತುಬಿಟ್ಟ ಎಂದು ಬರೆದಿದ್ದಾನೆ. ಪೂಜಾರಿ ಕೂರುವುದೇ! ಇಪ್ಪತ್ತೆಂಟು ವರ್ಷದಲ್ಲಿ ಒಂದು ದಿನ ನಾನು ಗರ್ಭಗುಡಿಯಲ್ಲಿ ಕೂತವನಲ್ಲ. ಕೂರುವಂತಿಲ್ಲ, ಕೆಲಸ ಮುಗಿಯುವುದಿಲ್ಲವಲ್ಲ. ಇವತ್ತು ಹಚ್ಚಿದ ದೀಪ ನಾಳೆ ಆರಿರುತ್ತದೆ. ನಿನ್ನೆ ಕೋಳಿ ಕೊಟ್ಟವನು ಮುಂದಿನ ವರ್ಷ ಮತ್ತೆ ಕೋಳಿ ಹಿಡಿದು ಬರುತ್ತಾನೆ, ಅದೇ ಭಯ ಹೊತ್ತುಕೊಂಡು. ಪೂಜಾರಿ ಕೂತನೆಂದರೆ ಇನ್ನು ಮಾಡಬೇಕಾದ್ದು ಏನೂ ಉಳಿದಿಲ್ಲ ಎಂದರ್ಥ. ಇದು ನನಗೆ ಹಿಡಿಸಲೂ ಇಲ್ಲ, ತಲೆಯಿಂದ ಹೋಗಲೂ ಇಲ್ಲ.

ಇನ್ನೊಂದು, ಅವನು ಅರ್ಪಿಸಿದ್ದು ಕುರಿಯಲ್ಲ ಕೋಳಿಯಲ್ಲ, ತನ್ನನ್ನೇ. ಕಡಿಯಲು ನಿಂತವನೂ ಅವನೇ, ಚಾಚಿದ ಕುತ್ತಿಗೆಯೂ ಅವನದೇ. ನಾನು ಎಷ್ಟು ಕುರಿಗಳ ತಲೆಗೆ ತೀರ್ಥ ಚಿಮುಕಿಸಿದ್ದೇನೆ, ಅವು ತಲೆ ಒದರುವುದನ್ನು ಕಾದಿದ್ದೇನೆ. ನಾನೇ ಆ ಜಾಗದಲ್ಲಿ ಬಗ್ಗುವುದನ್ನು ಯಾವತ್ತೂ ನೆನೆದವನಲ್ಲ.

ಮತ್ತೊಂದಿದೆ. ಅವನು ದೇವರ ಮುಂದೆ ಗಟ್ಟಿಯಾಗಿ ಅತ್ತನಂತೆ, ಕಣ್ಣೀರಿಟ್ಟು ಬೇಡಿದನಂತೆ. ನಮ್ಮಲ್ಲಿ ಅಳುವ ಪೂಜಾರಿ ಬಾಗಿಲ ಹೊರಗೆ. ನಿಮ್ಮಲ್ಲಿ ಅತ್ತವನೇ ಒಳಗೆ. ಅತ್ತು ಗೊತ್ತಿರುವುದರಿಂದಲೇ ಅಳುವವರ ಕಷ್ಟ ಅವನಿಗೆ ಗೊತ್ತು ಎನ್ನುತ್ತದೆ ಕಾಗದ. ಕದಿರಿ ಹೋದ ದಿನ ನೀನು ಅವನ ಮುಂದೆ ಅಳುತ್ತಿದ್ದಾಗ ಅವನು ಮೈಲಿಗೆ ಎಂದು ಹಿಂದೆ ಸರಿಯಲಿಲ್ಲ, ಅಲ್ಲವಾ? ನನಗೆ ಹೊಟ್ಟೆಕಿಚ್ಚಾಯಿತು ಅಕ್ಕ, ಇದ್ದದ್ದು ಇದ್ದ ಹಾಗೆ ಹೇಳುತ್ತಿದ್ದೇನೆ.

ಇದೊಂದು ನೀನೇ ಬಿಡಿಸಬೇಕು. ಅವನೂ ಸತ್ತನಲ್ಲ, ಮೂರು ದಿನ ಗುಹೆಯಲ್ಲಿ ಇದ್ದನಲ್ಲ. ಆ ಮೂರು ದಿನ ಪೂಜೆ ಯಾರದು? ನನಗೆ ತೋಚಿದ್ದು ಇಷ್ಟು. ಹೊರಗೆ ನಿಂತು ಸೂತಕ ಕಳೆಯುವವರು ನಾವು. ಅವನು ಸಾವಿನ ಒಳಗೇ ಹೋಗಿ, ಅಲ್ಲೇ ದೀಪ ಹಚ್ಚಿ ಬಂದವನೇನೋ. ತಪ್ಪಾಗಿದ್ದರೆ ತಿದ್ದು.

ನಿನ್ನೆ ಮಧ್ಯಾಹ್ನ ಗುಡಿಯೆದುರಿನ ಬೇವಿನ ಕೆಳಗೆ ಪುಸ್ತಕವನ್ನು ಎದೆಯ ಮೇಲಿಟ್ಟುಕೊಂಡು ಮಲಗಿದ್ದೆ. ನಿದ್ದೆಯೋ ಎಚ್ಚರವೋ ಹೇಳಲಾರೆ. ಬೇವಿನ ಹೂವು ಮುಖದ ಮೇಲೆ ಬೀಳುತ್ತಿದ್ದುದು ತಿಳಿಯುತ್ತಿತ್ತು. ದೂರದ ತೋಪಿನಲ್ಲಿ ಯಾರೋ ಗಿಳಿ ಓಡಿಸುವ ಸದ್ದು ನೀರಿನೊಳಗಿಂದ ಕೇಳಿದ ಹಾಗಿತ್ತು. ನೋಡುತ್ತೇನೆ, ಬೀಗ ಹಾಕಿದ ಬಾಗಿಲಿನ ಸಂದಿಯಲ್ಲಿ ಬೆಳಕು. ಬೀಗದ ಕೈ ಬೇವಿನ ಸೊಪ್ಪಿನಲ್ಲಿ ಹಾಗೇ ಇದೆ. ಒಳಗೆ ಯಾರೋ ಬೆನ್ನು ತಿರುಗಿಸಿಕೊಂಡು ಇದ್ದಾರೆ. ನನಗೆ ಸಿಟ್ಟು ಬಂತು. "ಏಯ್, ಯಾರಯ್ಯಾ ನೀನು? ಎವರಿ ಕೊಡುಕುವಿ? ಯಾರ ಮಗ?" ಎಂದು ತೆಲುಗು ಕನ್ನಡ ಎರಡರಲ್ಲೂ ಗದರಿಸಿದೆ. ಅವನು ಕೂತೇ ಇದ್ದ. ಅವನ ಪಕ್ಕದಲ್ಲಿ ನಮ್ಮ ಅಮ್ಮ, ಮಂಡಿ ನೋವಿಲ್ಲದವಳ ಹಾಗೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಅಮ್ಮನ ತೊಡೆಯ ಮೇಲೆ ಒಂದು ಮಗು ಮಲಗಿತ್ತು, ಎರಡು ಜಡೆ, ಕೆಂಪು ಟೇಪು. ಅವನು ಕೈ ಚಾಚಿ ಅಮ್ಮನಿಗೆ ತೀರ್ಥ ಕೊಟ್ಟ. ಅವನ ಅಂಗೈಯಲ್ಲಿ ನೀರು ನಿಲ್ಲದೆ ನಡುವಿನ ಮೊಳೆ ಗಾಯದಿಂದ ಸೋರಿ ಬೀಳುತ್ತಿತ್ತು. ಅಮ್ಮ ಕೆಳಗೆ ಬೊಗಸೆಯೊಡ್ಡಿ ಅದನ್ನೇ ಕುಡಿದಳು. ಮಗುವಿಗೂ ಕುಡಿಸಿದಳು. ನಾನೂ ಸಂದಿಯಲ್ಲಿ ಕೈ ತೂರಿಸಿದೆ. ಅಷ್ಟರಲ್ಲಿ ರಾಮಲಕ್ಷ್ಮಮ್ಮ ಬಂದು "ಏಳ್ರೀ, ಬಿಸ್ಲು ಮೈಮೇಲ್ ಬಂದೈತೆ" ಎಂದು ಎಬ್ಬಿಸಿದಳು. ಬಲಗೈ ಅಂಗೈ ಒದ್ದೆಯಾಗಿತ್ತು. ಬೆವರಿರಬೇಕು.

ಕನಸನ್ನು ಹಿಡಿದುಕೊಂಡು, ಆವಲಪ್ಪ ನಮ್ಮ ಕಡೆ ಬಂದ ಎಂದು ನಿಮ್ಮ ಪಾದ್ರಿಗಳಿಗೆ ಸಾರಿಬಿಡಬೇಡ. ಮುತ್ಯಾಲಮ್ಮ ನನ್ನ ತಾಯಿ, ಅವಳನ್ನು ಬಿಡುವವನಲ್ಲ. ನಿನ್ನ ಪೂಜಾರಿಯನ್ನು ಕಸುಬಿನವನಾಗಿ ನೋಡಿದೆ, ಕೈ ಮುಗಿಯಬೇಕು ಅನ್ನಿಸಿತು, ಮುಗಿದೆ. ಅಷ್ಟೇ ಬರೆದಿದ್ದೇನೆ.

೧೩-೫-೧೯೮೧, ಬುಧವಾರ

ಇವತ್ತು ಹನ್ನೊಂದನೇ ದಿನ. ಬೆಳಿಗ್ಗೆ ಕರ್ಮವೆಲ್ಲ ಮುಗಿಯಿತು. ಊಟಕ್ಕೆ ನೆಂಟರು ಬಂದಿದ್ದರು. ನಿನ್ನ ಪಾಲಿನ ಎಲೆ ಹಾಕಿಸಿದ್ದೆ. ಕೇಳಿದವರಿಗೆ "ನಮ್ಮಕ್ಕಂದು" ಎಂದೆ.

ಗುಡಿಯ ಬಾಗಿಲನ್ನು ಇವತ್ತು ತೆಗೆಯಲಿಲ್ಲ. ಭಾನುವಾರ ಸಂಜೆ ತೆಗೆಯುತ್ತೇನೆ. ಭಾನುವಾರ ಬೆಳಿಗ್ಗೆ ನಿನಗೆ ಚರ್ಚು ಇರುತ್ತದೆಂದು ಗೊತ್ತು. ಮುಗಿಸಿಕೊಂಡು, ಊಟ ಮಾಡಿ, ಮುಳಬಾಗಿಲಿನಲ್ಲಿ ಬಸ್ಸು ಬದಲಿಸಿದರೆ ಹೊತ್ತಿಳಿಯುವುದರೊಳಗೆ ಇಲ್ಲಿರುತ್ತೀಯ. ಗುಡಿಯೊಳಗೆ ಬಾ ಎನ್ನುವುದಿಲ್ಲ, ನಿನ್ನ ಮನಸ್ಸು ನನಗೆ ಗೊತ್ತು. ಮನೆಗೆ ಬಾ. ಅಮ್ಮನ ಮೂಲೆಯಲ್ಲಿ ಕೂತು ಒಂದು ಲೋಟ ನೀರು ಕುಡಿ.

ನಿನ್ನ ದೇವರು ನಿನ್ನ ತಲೆ ಕಾಯಲಿ. ಮುತ್ಯಾಲಮ್ಮನೂ ನಿನ್ನ ಮೇಲೆ ಮುನಿದವಳಲ್ಲ. ಚಿಕ್ಕವನಾದ ನಾನು ನಿನ್ನನ್ನು ಹರಸುವಂತಿಲ್ಲ, ನೀನೇ ಅಲ್ಲಿಂದ ಕೈ ಎತ್ತಿ ನನ್ನನ್ನೂ ರಾಮಲಕ್ಷ್ಮಮ್ಮನನ್ನೂ ಹರಸು.

ನಿನ್ನ ತಮ್ಮ,
ಆವಲಪ್ಪ

ಮರೆತ ಮಾತು: ಮರೆತದ್ದಲ್ಲ. ಒಂಬತ್ತು ವರ್ಷದಿಂದ ಬರೆಯಲಾರದೆ ಬಿಟ್ಟದ್ದು.

ಸುದ್ದಿ ನನಗೆ ತಡವಾಗಿ ಮುಟ್ಟಿತು ಎಂಬುದು ಸುಳ್ಳು. ಅದು ಆಷಾಢದ ಶುಕ್ರವಾರ. ತಂಬಿಟ್ಟಿನ ದೀಪ ಹೊತ್ತ ಹೆಂಗಸರು ಅಂಗಳದ ತುಂಬ ನಿಂತಿದ್ದರು. ವ್ಯಾನಿನವನು ನಮ್ಮ ಮನೆಗೆ ಬಂದು ಅಮ್ಮನಿಗೆ ಹೇಳಿದ. ಅಮ್ಮ ಓಡಿಬಂದು ಗುಡಿಯ ಮೆಟ್ಟಿಲಲ್ಲಿ ನನ್ನ ಕಿವಿಯ ಹತ್ತಿರ, "ಕದಿರಿ ಹೋಗ್ಬಿಟ್ಳಂತೆ ಕಣೋ, ಅಕ್ಕ ಹುಣಸೆಮರದತ್ರ ಮಗೀನ್ ಎತ್ಕೊಂಡ್ ನಿಂತವ್ಳಂತೆ, ಬಾರೋ" ಎಂದಳು. ಆಗ ನಾನಿನ್ನೂ ಹೊಸ್ತಿಲು ದಾಟಿರಲಿಲ್ಲ. ದೀಪವನ್ನೂ ಹಚ್ಚಿರಲಿಲ್ಲ. ಸೋದರಮಾವನಿಗೆ ಮೂರು ದಿನ, ನನಗೆ ಗೊತ್ತಿತ್ತು. ಅಷ್ಟು ಜನದ ಮುಂದೆ ತಟ್ಟೆ ಕೆಳಗಿಟ್ಟು, ಮತ ಬಿಟ್ಟುಹೋದ ಅಕ್ಕನ ಮಗುವಿಗಾಗಿ ಸೂತಕ ಎನ್ನಲು ನನಗೆ ನಾಚಿಕೆಯಾಯಿತು. "ಅವ್ರು ನಮ್ಮೋರಲ್ಲ" ಎಂದೆ. ಹಾಗೆಂದು ಒಳಗೆ ಹೋಗಿ ಗಂಟೆ ಹೊಡೆದೆ. ಅಮ್ಮ ಮತ್ತೆ ಕೂಗುವುದು ಕೇಳದಿರಲಿ ಎಂದು ಇನ್ನೂ ಜೋರಾಗಿ ಹೊಡೆದೆ. ಹುಣಸೆಮರದ ತನಕ ನಿನಗೆ ಕೇಳಿಸಿದ್ದು ಅದು.

ಅಮ್ಮ ನನ್ನ ಮಾನ ಉಳಿಸಲು ನಿನಗೆ ಸುಳ್ಳು ಹೇಳಿದಳು. ಆದರೆ ಆ ದಿನದಿಂದ ಸಾಯುವವರೆಗೆ ಅವಳು ನನ್ನ ಕೈಯಿಂದ ತೀರ್ಥ ತೆಗೆದುಕೊಳ್ಳಲಿಲ್ಲ. ಮಂಡಿ ನೋವು, ಮೆಟ್ಟಿಲು ಹತ್ತಲಾರೆ ಎನ್ನುತ್ತಿದ್ದಳು. ನಾನು ನಂಬಿದವನಂತೆ ನಟಿಸಿದೆ. ಮೊನ್ನೆ ಅವಳ ಪೆಟ್ಟಿಗೆ ತೆಗೆದರೆ ಸೀರೆಗಳ ಅಡಿಯಲ್ಲಿ ಒಂದು ಕೆಂಪು ಟೇಪು ಸಿಕ್ಕಿತು.

ಇವತ್ತು ಊಟವಾದ ಮೇಲೆ ಊರ ಹಿರಿಯರಾದ ಶ್ರೀರಾಮಪ್ಪನವರು, "ಏಮ್ರಾ ಆವಲಪ್ಪಾ, ಹನ್ನೊಂದಾಯ್ತಲ್ಲ, ಬೀಗ ತೆಗಿಯೋ" ಎಂದರು. ಎಲ್ಲರೆದುರಿಗೆ ಹೇಳಿದೆ, "ಇನ್ನೂ ಮೂರ್ ದಿನ ಐತೆ ಮಾವಾ. ನಮ್ಮಕ್ಕನ ಮಗೀಗೆ."

"ಅದು ಹೋಗಿ ಒಂಬತ್ ವರ್ಷ ಆಯ್ತಲ್ಲೋ! ಈಗೇನೋ ಸೂತಕ?"

"ಅವತ್ತೇ ಕಿವಿಗ್ ಬಿದ್ದಿತ್ತು ಮಾವಾ. ಬಿದ್ದಿಲ್ಲ ಅಂದಿದ್ದೆ."

ಶ್ರೀರಾಮಪ್ಪನವರು ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟರು. ನಾನು ಬಾವಿಗೆ ಹೋಗಿ ಕದಿರಮ್ಮನ ಹೆಸರು ಹೇಳಿ ತಲೆಗೆ ನೀರು ಹಾಕಿಕೊಂಡೆ. ಗುರುವಾರ, ಶುಕ್ರವಾರ, ಶನಿವಾರ ಅವಳವು.

ಇದನ್ನೆಲ್ಲ ಓದಿದ ಮೇಲೆ ನಿನಗೆ ಬರಬೇಕೆನ್ನಿಸದಿದ್ದರೆ ತಪ್ಪು ನಿನ್ನದಲ್ಲ. ನಿನ್ನ ಪೂಜಾರಿ ಎಂದಿಗೂ ಬದುಕಿದ್ದು ಎಲ್ಲರ ಪರವಾಗಿ ಬೇಡುತ್ತಲೇ ಇರುತ್ತಾನೆಂದು ಆ ಕಾಗದದಲ್ಲಿದೆ. ನನ್ನ ಹೆಸರನ್ನೂ ಅವನ ಕಿವಿಗೆ ಹಾಕು. ಅಷ್ಟು ಮಾಡಿದರೂ ಸಾಕು.

ಭಾನುವಾರ ಮಧ್ಯಾಹ್ನದಿಂದ ನಾನು ಚೊಂಬಿನಲ್ಲಿ ನೀರು ಹಿಡಿದು ಹುಣಸೆಮರದ ಕೆಳಗೆ ನಿಂತಿರುತ್ತೇನೆ. ಕೊನೆಯ ಬಸ್ಸು ಹೋಗುವವರೆಗೆ ಗಂಟೆ ಮುಟ್ಟುವುದಿಲ್ಲ.